ಓದು ಬಲ್ಲ ದೆವ್ವ

ನನ್ನ ಮಗಳು ಓದುವ ಪುಸ್ತಕಗಳ ಮುಖಪುಟಗಳೆಲ್ಲ ಕಪ್ಪು. ಒಂದು ಪಾಳು ಬಂಗಲೆ, ಒಂದು ಚಂದ್ರ, ಉದ್ದ ಗೌನು ತೊಟ್ಟ ಒಬ್ಬ ಹುಡುಗಿ. ಇಂಗ್ಲಿಷಿನ ಹಳೇ ಕಾಲದ ಭೂತದ ಕಾದಂಬರಿಗಳನ್ನು ಈಗಿನ ಲೇಖಕರು ಹದಿಹರೆಯದವರಿಗೆಂದು ಹೊಸದಾಗಿ ಕಟ್ಟಿ ಬರೆದ ಪುಸ್ತಕಗಳಿವು. ಹಳೆಯ ಕಥೆಯಲ್ಲಿ ಮೂರ್ಛೆ ಹೋಗುವುದೊಂದೇ ಕೆಲಸವಾಗಿದ್ದ ಹುಡುಗಿ ಇಲ್ಲಿ ಟಾರ್ಚ್ ಹಿಡಿದು ತಾನೇ ನೆಲಮಾಳಿಗೆಗೆ ಇಳಿಯುತ್ತಾಳೆ. ಇಳಿಯಲಿ, ಸಂತೋಷ. ಆದರೆ ಇಂಗ್ಲಿಷರ ನಾಡಿನ ಕಿಂಗ್ಸ್‌ಬರಿಯ ನಮ್ಮ ಮನೆಯ ಸೋಫಾದ ತುಂಬ ಈ ಬಂಗಲೆಗಳೇ ಬಿದ್ದಿದ್ದರೆ ಬಂದವರು ಕೂರುವುದೆಲ್ಲಿ?

ಹೋದ ಚಳಿಗಾಲದಲ್ಲಿ ಬಂದವಳು ನನ್ನ ಅಮ್ಮ. ಬೆಂಗಳೂರಿನಿಂದ, ಮೂರು ತಿಂಗಳ ಮಟ್ಟಿಗೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷ್. ಅಮ್ಮನ ಇಂಗ್ಲಿಷ್ ಬಸ್ಸಿನ ಬೋರ್ಡು ಓದುವಷ್ಟು. "ಊಟ ಆಯ್ತಾ ಪುಟ್ಟಿ?" ಅಂದರೆ "ಯೆಸ್ ಅಜ್ಜಿ". ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅಮ್ಮನಿಗೆ ವಯಸ್ಸಾಗಿದೆ, ಇನ್ನೊಮ್ಮೆ ಇಷ್ಟು ದೂರ ಬರುವುದು ಅನುಮಾನ. ಇವರಿಬ್ಬರ ನಡುವೆ ಆ "ಯೆಸ್" ಒಂದೇ ಉಳಿದುಬಿಡುತ್ತದಲ್ಲ ಎಂದು ನನಗೆ ಸಂಕಟ. ಸಂಕಟವಾದಾಗ ನಾನು ಸಿಡುಕುತ್ತೇನೆ, ಆ ಸಿಡುಕೆಲ್ಲ ಪುಸ್ತಕಗಳ ಮೇಲೆ ಹೋಯಿತು.

ನಾಲ್ಕು ಗಂಟೆಗೇ ಕತ್ತಲಾಗುವ ನವೆಂಬರಿನ ಒಂದು ಸಂಜೆ, ಅಮ್ಮ ಈಲಿಂಗ್ ರೋಡಿನ ಇಂಡಿಯನ್ ಅಂಗಡಿಯಿಂದ ತಂದ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಪಕ್ಕದಲ್ಲಿ ಮಗಳು ಪುಸ್ತಕದೊಳಗೆ ಮುಳುಗಿದ್ದಳು. ಅಮ್ಮ ಮುಖಪುಟದ ಮೇಲೆ ಬೆರಳಿಟ್ಟು ಇದೇನು ಅಂದಳು. ಮಗಳು ಹೇಳಿದಳು, ನಾನು ಅಡುಗೆಮನೆಯಿಂದಲೇ ಕನ್ನಡಕ್ಕೆ ತಿರುಗಿಸಿದೆ. ಇದು ರಕ್ತ ಕುಡಿಯುವ ದೆವ್ವ, ಮನೆಯವರು ಒಳಗೆ ಬಾ ಅನ್ನದೆ ಹೊಸಿಲು ದಾಟುವುದಿಲ್ಲ.

ಅಮ್ಮನಿಗೆ ನಗು ಬಂತು. "ಕರೀದೇ ಒಳಗೆ ಬರಲ್ವಾ? ಭಾರಿ ಮರ್ಯಾದಸ್ಥ ದೆವ್ವ ಬಿಡು. ನಮ್ಮ ಬೀದೀಲಿ ಬರ್ತಿದ್ದಿದ್ದು ಮನೆಯವರ ದನೀಲೇ ಹೆಸರು ಹಿಡ್ದು ಕೂಗ್ತಿತ್ತು."

ಆ ಕಥೆ ನನಗೆ ಗೊತ್ತಿದ್ದದ್ದೇ. ಕೂಗಿಗೆ ಓಗೊಟ್ಟು ಬಾಗಿಲು ತೆರೆದವರು ರಕ್ತ ಕಾರಿ ಸಾಯುತ್ತಾರೆಂದು ಹೆದರಿದ ಜನ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "ನಾಳೆ ಬಾ" ಎಂದು ಬರೆದಿಡುತ್ತಿದ್ದರು. ದೆವ್ವ ಓದಿಕೊಂಡು ವಾಪಸು ಹೋಗುತ್ತಿತ್ತು. ಮರುದಿನ ಬಂದರೂ ಬಾಗಿಲ ಮೇಲೆ ಅದೇ ಬರಹ.

ಮಗಳು ಪುಸ್ತಕ ಕೆಳಗಿಟ್ಟಳು. ಯಾರೂ ಗದರದೆ ಅದು ಕೆಳಗಿಳಿದದ್ದನ್ನು ನಾನು ಕಂಡದ್ದು ಅಂದೇ. ದೆವ್ವಕ್ಕೆ ಓದು ಬರುತ್ತಿತ್ತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಕನ್ನಡ ಚೆನ್ನಾಗೇ ಓದ್ತಿತ್ತು, ನಿನ್ ಥರ ಅಲ್ಲ" ಅಂದಳು.

ಅಲ್ಲಿಂದ ಶುರುವಾಯಿತು. ಲೈಬ್ರರಿಯ ಓದುಗುಂಪಿನಲ್ಲಿ ಮಕ್ಕಳು ಒಂದೊಂದು ಹಳೆಯ ಭೂತದ ಕಥೆಯನ್ನು ತಮ್ಮ ಥರ ಬರೆಯಬೇಕಿತ್ತು. ಮಗಳು ಬಂಗಲೆ ಬಿಟ್ಟು ಇಲ್ಲಿನ ನಮ್ಮ ಬೀದಿಯನ್ನೇ ಆರಿಸಿಕೊಂಡಳು. ಜೂಬಿಲಿ ಲೈನಿನ ರೈಲಿನಲ್ಲಿ ಬಂದಿಳಿಯುವ ದೆವ್ವ ಮನೆಮನೆಯ ಬಾಗಿಲು ಓದುತ್ತ ನಡೆಯುತ್ತದೆ, ಕಥೆ ಹೇಳುವುದೂ ಅದೇ. ದಿನಾ ಬಾಗಿಲಿಂದಲೇ ವಾಪಸು ಹೋಗುವಾಗ ಅದಕ್ಕೆ ಹೇಗನ್ನಿಸಬೇಡ ಎನ್ನುವುದು ಅವಳ ತಕರಾರು. ಅಮ್ಮನಿಗೆ ಇದು ಎಂದೂ ಹೊಳೆದಿರಲಿಲ್ಲವಂತೆ. ಪಾಪ, ದೆವ್ವಕ್ಕಾಗಿ ಕೆಲವು ದಿನ ಮರುಗಿದಳು. ಆಮೇಲೆ ನಾನೂ ಮಗಳ ಪುಸ್ತಕವೊಂದನ್ನು ಕದ್ದು ಓದಿದೆ. ಚೆನ್ನಾಗಿತ್ತು, ಯಾರಿಗೂ ಹೇಳಿಲ್ಲ.

ಒಬ್ಬಳ ಹರಕು ಕನ್ನಡ, ಇನ್ನೊಬ್ಬಳ ಮುರುಕು ಇಂಗ್ಲಿಷ್. ನಡುವೆ ನಾನು ಬಾಯಿ ಹಾಕಿದರೆ "ನೀನ್ ಸುಮ್ನಿರು, ನಮಗೆ ಗೊತ್ತಾಗ್ತಿದೆ" ಎಂದು ಅಮ್ಮ ಗದರುತ್ತಿದ್ದಳು. ನನಗೆ ಖುಷಿಯಾಯಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ.

ಅಮ್ಮ ಅವಳಿಗೆ ಅಕ್ಷರ ತಿದ್ದಿಸಿ ನಮ್ಮ ಮುಂಬಾಗಿಲ ಮೇಲೆ "ನಾಳೆ ಬಾ" ಬರೆಸಿದಳು. ಪಕ್ಕದ ಮನೆಯ ಗುಜರಾತಿ ಹೆಂಗಸು ಇವತ್ತು ಯಾವ ಹಬ್ಬ ಎಂದು ವಿಚಾರಿಸಿದರು. ಅಂದೇ ಪಾರ್ಸೆಲ್ ತಂದವನು ಬೆಲ್ ಒತ್ತಿದ್ದು ನಮಗೆ ಕೇಳಿಸದೆ, ನಾಳೆ ಬರುತ್ತೇನೆಂದು ಚೀಟಿ ಬಿಟ್ಟು ಹೋದ. ಅಜ್ಜಿ ಮೊಮ್ಮಗಳು ನಕ್ಕು ನಕ್ಕು ಸುಸ್ತಾದರು. ಆ ಪಾರ್ಸೆಲ್ಲಿನಲ್ಲಿದ್ದದ್ದು ನನ್ನ ಕುಕ್ಕರಿನ ಗ್ಯಾಸ್ಕೆಟ್. ಅವತ್ತು ಬೇಳೆ ಬೇಯಲಿಲ್ಲ.

ಅಮ್ಮ ಊರಿಗೆ ಹೊರಡುವ ಬೆಳಿಗ್ಗೆ ಟ್ಯಾಕ್ಸಿ ಬಂದು ನಿಂತಿತ್ತು. ಸೂಟ್‌ಕೇಸ್ ಎಳೆದು ತಂದ ನಾನು ಬಾಗಿಲ ಹತ್ತಿರ ಗಕ್ಕನೆ ನಿಂತೆ. ಬಾಗಿಲ ಒಳಮೈಯಲ್ಲಿ ಸೊಟ್ಟ ಅಕ್ಷರಗಳಲ್ಲಿ "ನಾಳೆ ಹೋಗು" ಎಂದು ಬರೆದಿತ್ತು. ಮಗಳು ಶಾಲೆಯ ಬ್ಲೇಜರ್ ತೊಟ್ಟು, ಮುಖ ಊದಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು.

ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು. ಕೈಚಾಚಿ ಅವಳಿಂದ ಸೀಮೆಸುಣ್ಣ ಈಸಿಕೊಂಡು ಕೆಳಗೆ ಬರೆದಳು: "ನಾಳೆ ಬರ್ತೀನಿ". ಮಗಳು ಎದ್ದು ಬಂದು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಅದರರ್ಥವನ್ನು ಯಾರೂ ನನ್ನ ಹತ್ತಿರ ಕೇಳಲಿಲ್ಲ.