ನನ್ನ ದನಿಗಾಗಿ ಅತ್ತೆ ಬೇಡಿಕೊಂಡದ್ದು

ಕಳೆದ ವರ್ಷ ಶ್ರಾವಣಕ್ಕೆ ಸ್ವಲ್ಪ ಮುಂಚೆ ನನಗೊಂದು ಸಾಧಾರಣ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ನನ್ನ ದನಿಯನ್ನೂ ಕರೆದುಕೊಂಡು ಹೋಯಿತು. ಮೊದಲು ಗಂಟಲು ಕಟ್ಟಿದೆ ಅಂದುಕೊಂಡೆ. ಬಿಸಿನೀರು, ಅರಿಶಿನದ ಹಾಲು ಎಲ್ಲಾ ಆಯಿತು. ಬಾಯಿ ತೆರೆದರೆ ಬರೀ ಉಸಿರು ಬರುತ್ತಿತ್ತು. ನೀರು ಕುಡಿದರೆ ನೆತ್ತಿಗೇರಿ ಕೆಮ್ಮು. ನಾನು ಡಾಕ್ಟರು, ಅದೂ ಡಾಕ್ಟರಾಗುವ ಹುಡುಗರಿಗೆ ಪಾಠ ಹೇಳುವವಳು. ದನಿಯಿಲ್ಲದ ಮೇಷ್ಟ್ರನ್ನು ಯಾರು ಇಟ್ಟುಕೊಳ್ಳುತ್ತಾರೆ?

ಭಕ್ತ ಬಾಂಧವರಿಗೆ ನನ್ನ ಪರಿಚಯ ಇಷ್ಟು. ಹುಟ್ಟಿದ್ದು ಕೆಂಭಾವಿ. ಅಪ್ಪ ಸಂತೆಯಲ್ಲಿ ಬೆಲ್ಲ ಮಾರುತ್ತಿದ್ದರು, ಪಕ್ಕದಲ್ಲಿ ಕುಳಿತು ಗಿರಾಕಿಗಳನ್ನು ಕೂಗುತ್ತಿದ್ದವಳು ನಾನು. ಕಲಬುರಗಿಯಲ್ಲಿ ಎಂಬಿಬಿಎಸ್, ಹುಬ್ಬಳ್ಳಿಯಲ್ಲಿ ಎಂ.ಡಿ. ಮಾಡಿ, ರಾಯಚೂರಿನಲ್ಲಿ ಪಾಠ ಹೇಳಿ, ಕಡೆಗೆ ನಮ್ಮ ಜಿಲ್ಲೆಯ ಕಾಲೇಜೊಂದಕ್ಕೆ ಜನರಲ್ ಮೆಡಿಸಿನ್ ಪ್ರಾಧ್ಯಾಪಕಿಯಾಗಿ ಬಂದೆ. ಮನೆ ಶಹಾಪುರ. ಬೆಳಿಗ್ಗೆ ಬಸ್ ಹತ್ತಿ ಯಾದಗಿರಿ, ಸಂಜೆ ವಾಪಸ್. ವಾರ್ಡಿನ ಈ ತುದಿಯಲ್ಲಿ ನಾನು ಪಾಠ ಹೇಳಿದರೆ ಆ ತುದಿಯ ರೋಗಿಯೂ ಎದ್ದು ಕೂರುತ್ತಾನೆ ಎಂದು ಹುಡುಗರು ಚೇಷ್ಟೆ ಮಾಡುತ್ತಿದ್ದರು. ನನಗೆ ಅದು ಹೊಗಳಿಕೆಯೇ ಆಗಿತ್ತು. ನಾನು ಹೇಳಬೇಕು, ಅವರು ಬರೆದುಕೊಳ್ಳಬೇಕು. ಹಾಗೇ ನಡೆದಿತ್ತು.

ನಮ್ಮ ಕಾಲೇಜಿನ ಕಿವಿ-ಗಂಟಲು ವಿಭಾಗದ ಗೆಳತಿ ಕೊಳವೆ ಹಾಕಿ ನೋಡಿದಳು. ಎಡಗಡೆಯ ಸ್ವರತಂತು ಅಲುಗಾಡುತ್ತಿಲ್ಲ. ಕಲಬುರಗಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು, ಗಂಟು ಗಡ್ಡೆ ಏನೂ ಇಲ್ಲ. "ನರಕ್ಕ ಪೆಟ್ಟು ಬಿದ್ದದ. ಬಂದ್ರ ತಾನಾಗೇ ಬರ್ತದ, ಬರಲಿಲ್ಲಂದ್ರ ಆಪರೇಷನ್ ವಿಚಾರ ಮಾಡೋಣು. ಈಗ ಕಾಯೋದೊಂದೇ ದಾರಿ" ಅಂದಳು. ಎಷ್ಟೋ ರೋಗಿಗಳಿಗೆ ಇದೇ ಮಾತನ್ನು ನಾನೂ ಹೇಳಿದ್ದೇನೆ. ಕೇಳುವವರಿಗೆ ಅದು ಎಷ್ಟು ಕಹಿ ಎಂದು ಅವತ್ತು ಗೊತ್ತಾಯಿತು.

ಮೈಕ್ ಕಟ್ಟಿಕೊಂಡು ನೋಡಿದೆ. ಉಸಿರಿನ ಸದ್ದು ದೊಡ್ಡದಾಯಿತೇ ಹೊರತು ಮಾತಾಗಲಿಲ್ಲ. ಡೀನ್ ಸಾಹೇಬರು ಒಳ್ಳೆಯವರು, ಕರೆದು ಕೂರಿಸಿ ಚಹಾ ತರಿಸಿದರು. "ಮೇಡಂ, ಈ ಟರ್ಮ್ ನೋಡೋಣ್ರಿ. ಆಗಲಿಲ್ಲಂದ್ರ ಪರೀಕ್ಷಾ ವಿಭಾಗದಾಗ ಕುಂದರ್ರಿ. ಆರಾಮಿನ ಕೆಲಸ." ಆರಾಮು ನನಗೆ ಬೇಕಿರಲಿಲ್ಲ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತುಬಿಟ್ಟೆ. ರೋಗಿಯ ಮಂಚದ ಪಕ್ಕ ನಿಂತು ಕಲಿಸುವುದು ಬಿಟ್ಟರೆ ನನಗೆ ಬೇರೆ ಆಯುಷ್ಯವೇ ಇಲ್ಲ.

ಶಹಾಪುರದ ಗುಡ್ಡದ ಬುಡದಲ್ಲಿ ನಾವು ನಡೆದುಕೊಳ್ಳುವ ಹನುಮಪ್ಪನ ಗುಡಿಯಿದೆ. ಅಲ್ಲಿ ಮನಸ್ಸಿನಲ್ಲಿ ಬೇಡಿಕೊಂಡದ್ದು ಲೆಕ್ಕಕ್ಕಿಲ್ಲ. ಶನಿವಾರ ಮಂಗಳಾರತಿ ಮುಗಿದ ಮೇಲೆ ಪೂಜಾರಿ "ಹೇಳ್ರಿ" ಅನ್ನುತ್ತಾರೆ. ನಿಂತವರು ಒಬ್ಬೊಬ್ಬರಾಗಿ ಎಲ್ಲರಿಗೂ ಕೇಳುವಂತೆ ಬಾಯಿಬಿಟ್ಟು ಹೇಳಬೇಕು. ಕೂಡಿದ ಜನ "ಆಗ್ಲಿ" ಅನ್ನಬೇಕು. ಒಮ್ಮೆ ಜನ ಆಗಲಿ ಅಂದರೆ ಮುಗಿಯಿತು, ಮಾತು ಬದಲಿಸುವಂತಿಲ್ಲ. ಕೂಸುಗಳ ಪರವಾಗಿ, ಮಾತು ಬಾರದವರ ಪರವಾಗಿ ಮನೆಯ ಹಿರಿಯರು ಹೇಳುತ್ತಾರೆ. ಈಗ ಆ ಸಾಲಿಗೆ ನಾನೂ ಸೇರಿದ್ದೆ. ನಮ್ಮ ಅತ್ತೆ ನೀಲಮ್ಮ ನನ್ನ ಪರವಾಗಿ ನಿಲ್ಲುವುದೆಂದಾಯಿತು.

ಹೊರಡುವ ಮುಂಚೆ ಅತ್ತೆ ಕೇಳಿದರು: "ದನಿ ಯಾಕ ಬೇಕಂತ ಕೇಳಲಿ? ಸುಮ್ ಸುಮ್ಕ ಕೇಳಿದ್ರ ಚಂದ ಅನಸಂಗಿಲ್ಲ."

"ಹುಡುಗ್ರಿಗೆ ಕಲಿಸಾಕ್ರಿ ಅತ್ತಿ, ಮತ್ಯಾಕ" ಎಂದು ಅವರ ಕಿವಿಯಲ್ಲಿ ಪಿಸುಗುಟ್ಟಿದೆ.

ನಮ್ಮ ಸರದಿ ಬಂತು. ಅತ್ತೆ ಸೆರಗು ಹೊದ್ದು, ಕೈ ಜೋಡಿಸಿ, ಇಡೀ ಗುಡಿಗೆ ಕೇಳುವಂತೆ ಹೇಳಿದರು: "ಹನುಮಪ್ಪಾ, ನನ್ನ ಸೊಸಿ ಕೈಯಾಗಿನ ಹುಡುಗ್ರು ಚೊಲೊ ಡಾಕ್ಟರ್ ಆಗಲಿ. ಅವರ ಕಣ್ಣು, ಕೈ ಚುರುಕು ಆಗಲಿ. ಬಂದ ರೋಗಿ ಎದ್ದು ಮನಿಗೆ ಹೋಗಲಿ." ಅಷ್ಟು ಹೇಳಿ ನಮಸ್ಕಾರ ಮಾಡಿ ಸರಿದು ನಿಂತರು.

ದನಿಯ ಸುದ್ದಿಯೇ ಇಲ್ಲ. ನಾನು ಅವರ ಸೆರಗು ಜಗ್ಗಿದೆ, ಗಂಟಲು ಮುಟ್ಟಿ ತೋರಿಸಿದೆ, ಪೂಜಾರಿಗೆ ಕೈಸನ್ನೆ ಮಾಡಿದೆ. ಕೂಗಿ ತಡೆಯಲು ದನಿ ಎಲ್ಲಿದೆ? ಜನರೆಲ್ಲ "ಆಗ್ಲಿ" ಅಂದೇಬಿಟ್ಟರು.

ಆಟೋದಲ್ಲಿ ನನ್ನ ಸಿಟ್ಟು ನೋಡಬೇಕಿತ್ತು. ಪಿಸುಮಾತಿನಲ್ಲಿ ಜಗಳ ಮಾಡುವುದು ಎಂಥ ಕಷ್ಟ ಎಂದು ಮಾಡಿದವರಿಗೇ ಗೊತ್ತು. ಅತ್ತೆ ಮಾತ್ರ ತಣ್ಣಗೆ ಹೇಳಿದರು: "ದನಿ ಹುಡುಗ್ರ ಸಲುವಾಗಿ ಅಂತ ನೀನs ಹೇಳಿದಿ. ಹುಡುಗ್ರು ಕಲತ್ರ ಆತಲ್ಲ? ಊರು ಮುಟ್ಟಸಪ್ಪಾ ಅಂತ ಕೇಳಬೇಕು. ಬಸ್ಸಿಲೆ ಮುಟ್ಟಸ್ತಾನೋ, ಜೀಪಿಲೆ ಮುಟ್ಟಸ್ತಾನೋ, ಅಂವಗ ಬಿಟ್ಟದ್ದು." ನಾನು ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಮಾತಾಡದ್ದು ಅವರಿಗೆ ಗೊತ್ತೂ ಆಗಲಿಲ್ಲ.

ಬೇರೆ ದಾರಿಯಿಲ್ಲದೆ ವಾರ್ಡಿನಲ್ಲಿ ಮೂಕ ಪಾಠ ಶುರುವಾಯಿತು. ಹುಡುಗರನ್ನು ಮಂಚದ ಸುತ್ತ ಕೂರಿಸುತ್ತಿದ್ದೆ. ರೋಗಿಯ ಕೈ ಎತ್ತಿ ಅವರ ಕಣ್ಣಮುಂದೆ ಹಿಡಿಯುತ್ತಿದ್ದೆ. ಕಂಡದ್ದನ್ನು ಹೇಳುವವರೆಗೆ ಬಿಡುತ್ತಿರಲಿಲ್ಲ. ಆಮೇಲೆ ಉಗುರು, ಕಣ್ಣು, ನಾಲಿಗೆ. ಪುಸ್ತಕದ ಉತ್ತರ ಬಡಬಡಿಸಿದರೆ ಬೆರಳಿನಿಂದ ಮಂಚ ತಟ್ಟಿ ರೋಗಿಯನ್ನೇ ತೋರಿಸುತ್ತಿದ್ದೆ. ಮೊದಮೊದಲು ಅವರಿಗೆ ಅದು ರಜೆ ಸಿಕ್ಕಂತಿತ್ತು. ಬರಬರುತ್ತಾ ಅವರೇ ರೋಗಿಗಳೊಡನೆ ಮಾತಿಗೆ ಕೂತರು. ನನ್ನನ್ನು ಕೇಳಿದರೆ ಉತ್ತರ ಬರುವುದಿಲ್ಲವಲ್ಲ, ರೋಗಿಯನ್ನಾದರೂ ಕೇಳಬೇಕು.

ದಸರೆ ಮುಗಿದ ಮೇಲೆ ಕಕ್ಕೇರಾದ ಭೀಮವ್ವ ಎಂಬ ಹೆಣ್ಣುಮಗಳು ದಾಖಲಾದಳು. ವಾಂತಿ, ಸುಸ್ತು, ಎದ್ದು ನಿಂತರೆ ತಲೆ ತಿರುಗಿ ಬೀಳುವುದು. ಬಾಟಲಿ ಮೇಲೆ ಬಾಟಲಿ ಸಲೈನ್ ಹಾಕಿದರೂ ಬಿ.ಪಿ. ಏರಲೊಲ್ಲದು. ಕಿರಿಯ ಡಾಕ್ಟರುಗಳು ಕಲಬುರಗಿಗೆ ಕಳಿಸಲು ಆಂಬುಲೆನ್ಸ್ ಹೇಳುವುದರಲ್ಲಿದ್ದರು. ನಾನು ಹುಡುಗರ ಜೊತೆ ಆಗಷ್ಟೇ ವಾರ್ಡಿಗೆ ಬಂದೆ. ಸುರಪುರದ ಶಿರೀನ್ ಎಂಬ ವಿದ್ಯಾರ್ಥಿನಿ ನೇರ ಹೋಗಿ ಆಕೆಯ ಕೈ ಬಿಡಿಸಿ ನೋಡಿದಳು.

"ಮೇಡಂ, ಅಂಗೈ ಗೆರಿ ಕರ್ರಗ ಅದಾವ್ರಿ."

ಒಬ್ಬ ಹುಡುಗ ನಕ್ಕ. "ಹೊಲದಾಗ ದುಡಿಯೋರ ಕೈ ಮತ್ತ ಹೆಂಗಿರ್ತಾವ?"

ಶಿರೀನ್ ಬಿಡಲಿಲ್ಲ. ಭೀಮವ್ವನನ್ನೇ ಕೇಳಿದಳು, "ಅಕ್ಕಾ, ಹೊಲಕ್ಕ ಹೋಗತೀರೇನು?"

"ಎಲ್ಲೀದವ್ವ. ಬ್ಯಾಸಗಿಯಿಂದ ಹಾಸಿಗಿ ಬಿಟ್ಟು ಎದ್ದಿಲ್ಲ."

ಬಾಯಿ ತೆರೆಸಿದಳು. ಒಸಡೂ ಕಪ್ಪು. ನಮ್ಮ ಕಡೆ ಹೆಂಗಸರು ಹಲ್ಲಿಗೆ ಮಿಶ್ರಿ ಎಂಬ ಹೊಗೆಸೊಪ್ಪಿನ ಪುಡಿ ತಿಕ್ಕುತ್ತಾರೆ, ಒಸಡು ಕಪ್ಪಾಗುವುದು ಸಾಮಾನ್ಯ. ಮುಂಜಾನೆ ನೋಡಿದವರೆಲ್ಲ ಹಾಗೇ ತಿಳಿದು ಮುಂದೆ ಹೋಗಿದ್ದರು. ಶಿರೀನ್ ಅದನ್ನೂ ಕೇಳಿದಳು.

"ಮಿಶ್ರಿ? ಅದರ ವಾಸನಿನೂ ನನಗ ಆಗಂಗಿಲ್ಲವ್ವ" ಅಂದಳು ಭೀಮವ್ವ. "ನಾಲಿಗಿಗೆ ಬರೇ ಉಪ್ಪು ಬೇಕನಸ್ತದ. ಉಪ್ಪಿನಕಾಯಿ ಭರಣಿ ತಲಿದಿಂಬಿನ ಹತ್ರs ಇಟಗೊಂಡೀನಿ."

ನನ್ನ ಮೈ ಜುಂ ಅಂದಿತು. ಮೂತ್ರಪಿಂಡದ ತಲೆಯ ಮೇಲೆ ಕೂತ ಪುಟ್ಟ ಗ್ರಂಥಿಗಳು ಕೆಲಸ ನಿಲ್ಲಿಸಿದರೆ ಹೀಗೆಲ್ಲ ಆಗುತ್ತದೆ. ಗೊತ್ತಾದರೆ ಒಂದು ಇಂಜೆಕ್ಷನ್, ಗೊತ್ತಾಗದಿದ್ದರೆ ಸಾವು. ಕಲಬುರಗಿಗೆ ಕಳಿಸಿದ್ದರೆ ದಾರಿಯಲ್ಲೇ ಆಕೆ ಹೋಗಿಬಿಡುತ್ತಿದ್ದಳೋ ಏನೋ. ಶಿರೀನ್ ಕಾಯಿಲೆಯ ಹೆಸರು ಹೇಳಿ ನನ್ನ ಮುಖ ನೋಡಿದಳು. ಭಲೇ ಎಂದು ಕೂಗಲು ಹೋದೆ, ಬರೀ ಗಾಳಿ ಬಂತು. ಹೌದೆಂದು ತಲೆಯಾಡಿಸಿದೆ. ಪರೀಕ್ಷೆಗೆ ರಕ್ತ ತೆಗೆದು, ವರದಿಗೆ ಕಾಯದೆ, ಅಲ್ಲೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟೆವು. ಮರುದಿನ ಬಸ್ಸಿಳಿದು ವಾರ್ಡಿಗೆ ಹೋದಾಗ ಭೀಮವ್ವ ದಿಂಬಿಗೆ ಒರಗಿ ಕೂತು ರೊಟ್ಟಿ ತಿನ್ನುತ್ತಿದ್ದಳು. ಆಮೇಲೆ ಬಂದ ವರದಿಯೂ ಶಿರೀನ್ ಮಾತನ್ನೇ ಹೇಳಿತು.

ಆ ಮಂಚದ ಪಕ್ಕ ನಿಂತಾಗಲೇ ನನಗೆ ಹೊಳೆದದ್ದು. ಹುಡುಗರ ಕಣ್ಣು, ಹುಡುಗರ ಕೈ, ರೋಗಿ ಎದ್ದು ಮನೆಗೆ ಹೋಗುವುದು: ಅತ್ತೆ ಕೇಳಿದ್ದನ್ನು ಹನುಮಪ್ಪ ಒಂದಕ್ಷರ ಬಿಡದೆ ನಡೆಸಿದ್ದ. ನನಗೆ ತಡೆಯಲಾಗಲಿಲ್ಲ, ಹುಡುಗರ ಮುಂದೆಯೇ ಕಣ್ಣೊರೆಸಿಕೊಂಡೆ. ಸುದ್ದಿ ಡೀನ್ ಸಾಹೇಬರಿಗೂ ಮುಟ್ಟಿತು. ಅವರೇ ವಾರ್ಡಿಗೆ ಬಂದು, "ಮೇಡಂ, ನೀವು ಇಲ್ಲೇ ಇರ್ರಿ. ಪರೀಕ್ಷಾ ವಿಭಾಗಕ್ಕ ಯಾರನ್ನಾರ ಹುಡುಕ್ತೀನಿ" ಅಂದರು. ದನಿ ಬರದಿದ್ದರೂ ಸರಿ, ನಾನು ಮೇಷ್ಟ್ರೇ ಎಂಬ ಧೈರ್ಯ ಅವತ್ತು ಬಂತು. ಮನೆಗೆ ಹೋಗಿ ಅತ್ತೆಯ ಕಾಲು ಹಿಡಿದೆ. "ಈಗೇನಾತವ್ವ?" ಎಂದು ಅವರು ಗಾಬರಿಯಾದರು.

ಸಂಕ್ರಾಂತಿ ಮುಗಿದಿತ್ತು. ಒಂದು ಭಾನುವಾರ ಹಾಲು ಉಕ್ಕುತ್ತಿತ್ತು, ಒಲೆಯ ಹತ್ತಿರ ಯಾರೂ ಇರಲಿಲ್ಲ. ನಾನು ಪಡಸಾಲೆಯಿಂದಲೇ "ಹಾಲು, ಹಾಲು" ಎನ್ನುತ್ತಾ ಓಡಿದೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಅಲ್ಲಿಂದಲೇ, "ಯಾಕ ಅಷ್ಟು ಒದರಾಕತ್ತೀ? ನನಗೇನು ಕಿವುಡೇನು?" ಅಂದರು.

ಅಂದವರು ಮೊರವನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು, ಇಬ್ಬರೂ ಒಳಗೆ ಹೋಗಲಿಲ್ಲ.

ಗೆಳತಿ ಮತ್ತೆ ಕೊಳವೆ ಹಾಕಿ ನೋಡಿ, ನರ ಚೇತರಿಸಿಕೊಂಡಿದೆ ಅಂದಳು. ಅದು ವೈದ್ಯಶಾಸ್ತ್ರ, ನಾನೂ ಒಪ್ಪುತ್ತೇನೆ, ನಾನೇ ಪಾಠ ಹೇಳುವ ವಿಷಯ. ಆದರೆ ಭಕ್ತ ಬಾಂಧವರೇ, ಆ ಶನಿವಾರ ಗುಡಿಯಲ್ಲಿ ನನ್ನ ದನಿಗಾಗಿ ಯಾರೂ ಬಾಯಿ ತೆರೆದಿರಲಿಲ್ಲ, ಯಾರೂ ಆಗಲಿ ಅಂದಿರಲಿಲ್ಲ. ಹನುಮಪ್ಪ ಕೇಳಿದ್ದನ್ನು ಕೊಟ್ಟಾಗ ಕೈ ಮುಗಿದೆ. ಕೇಳದ್ದನ್ನೂ ಕೊಟ್ಟ ಮೇಲೆ, ಅವನ ಮುಂದೆ ಇಂಥದ್ದೇ ಬೇಕೆಂದು ಕೇಳುವುದನ್ನೇ ಬಿಟ್ಟಿದ್ದೇನೆ.