ಓರಗಿತ್ತಿಯ ಅರ್ಜಿ

ಮಹಿಳಾ ಜೈಲಿನ ಹೆಡ್ ವಾರ್ಡರ್ ಆಗಿದ್ದ ಅವಳಿಗೆ ಇಪ್ಪತ್ತೊಂದು ವರ್ಷದ ಸರ್ವಿಸ್. ಕೈದಿಗಳು ಬೆನ್ನ ಹಿಂದೆ ಬೀಗದಕ್ಕ ಅನ್ನುತ್ತಿದ್ದರು, ಎದುರಿಗೆ ಬಂದರೆ ಗಪ್‌ಚಿಪ್. ಮನೆಯಲ್ಲಿ ಮಾತ್ರ ಇತ್ತೀಚೆಗೆ ಅವಳನ್ನು ಕೇಳುವವರಿರಲಿಲ್ಲ. ಮೈದುನನ ಹೆಂಡತಿ, ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವಳು, ಅಪರಾಧ ನ್ಯಾಯದ ವಿಷಯದಲ್ಲಿ ಎಂ.ಎ.ಗೆ ಸೇರಿದ್ದಳು. ಊಟಕ್ಕೆ ಕೂತರೆ ಅದೇ ಪುರಾಣ.

"ಹನ್ನೆರಡು ಪೇಪರ್ ಮುಗಿಸ್ಬೇಕು ಅಕ್ಕ. ಅದ್ರಲ್ಲಿ ಸಂಖ್ಯಾಶಾಸ್ತ್ರ ಬೇರೆ. ಆಮೇಲೆ ಜೈಲಲ್ಲಿ ಆರು ವಾರ ಅಧ್ಯಯನ, ಒಂದು ಪ್ರಬಂಧ, ಕೊನೆಗೆ ಮೌಖಿಕ ಪರೀಕ್ಷೆ."

"ಆರು ವಾರ ಜೈಲು ನೋಡಿದೋರಿಗೆ ಡಿಗ್ರಿ, ಇಪ್ಪತ್ತೊಂದು ವರ್ಷ ನೋಡಿದೋರಿಗೆ ಮಂಡಿನೋವು," ಎಂದಳು ಬೀಗದಕ್ಕ.

ಎಲ್ಲರೂ ನಕ್ಕರು. ಬೀಗದಕ್ಕ ಮಾತ್ರ ನಗಲಿಲ್ಲ. ಅತ್ತೆ ಪಕ್ಕದ ಮನೆಯವಳ ಹತ್ತಿರ ಚಿಕ್ಕ ಸೊಸೆಯನ್ನು ಹೊಗಳುವುದು ಕಿವಿಗೆ ಬಿದ್ದಾಗಲೆಲ್ಲ ಅವಳು ಕೈಲಿದ್ದ ಪಾತ್ರೆಯನ್ನು ಕುಕ್ಕಿ ಇಡುತ್ತಿದ್ದಳು.

ಆರು ವಾರದ ಅಧ್ಯಯನಕ್ಕೆ ಅನುಮತಿ ಕೇಳಿದ ಓರಗಿತ್ತಿಯ ಅರ್ಜಿ ಬಂದದ್ದು ಅವಳ ಮೇಜಿಗೇ. ಎರಡು ಸಾಲು ಬರೆದು ಸೂಪರಿಂಟೆಂಡೆಂಟರಿಗೆ ಕಳಿಸಿದರೆ ಮುಗಿಯಿತು. ಅವಳು ಅದನ್ನು ಹಾಜರಿ ಪುಸ್ತಕದ ಅಡಿಗೆ ಸರಿಸಿದಳು. ನಾಳೆ ನೋಡೋಣ ಅಂದುಕೊಂಡಳು. ಹಾಗೆ ಹದಿನಾಲ್ಕು ನಾಳೆಗಳು ಕಳೆದವು. ಓರಗಿತ್ತಿ ಕೇಳಿದಾಗಲೆಲ್ಲ, "ಸಾಹೇಬ್ರ ಹತ್ರ ಇದೆ," ಎಂದಳು. ಕೊನೆಯ ದಿನಾಂಕ ದಾಟಿತು, ಚಿಕ್ಕವಳಿಗೆ ಅರ್ಧ ವರ್ಷ ಹಾಳಾಯಿತು.

ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತ ಓರಗಿತ್ತಿ ಕಣ್ಣೊರೆಸಿಕೊಂಡಳು. "ನಿಮ್ಮ ಸಾಹೇಬ್ರು ಹಾಗೆ ಮಾಡಿದ್ರೆ ನೀವೇನು ಮಾಡಕ್ಕಾಗುತ್ತೆ ಅಕ್ಕ."

ಬೈದಿದ್ದರೆ ಬೀಗದಕ್ಕ ತಡೆದುಕೊಳ್ಳುತ್ತಿದ್ದಳು. ಈ ನಂಬಿಕೆ ತಡೆಯಲಾಗಲಿಲ್ಲ.

"ಸಾಹೇಬ್ರಲ್ಲ. ನನ್ನ ಮೇಜಲ್ಲೇ ಇತ್ತು."

"ಯಾಕೆ?"

"ಹೊಟ್ಟೆಕಿಚ್ಚು. ಇನ್ನೇನು."

ಮರುದಿನವೇ ಅರ್ಜಿಯನ್ನು ತಾನೇ ಸಾಹೇಬರ ಕೋಣೆಗೆ ಒಯ್ದು, ಮುಂದಿನ ಅವಧಿಗೆ ಸಹಿ ಹಾಕಿಸಿಕೊಂಡು ಬಂದಳು. ಆದರೂ ಓರಗಿತ್ತಿ ಹತ್ತು ದಿನ ಮಾತು ಬಿಟ್ಟಳು. ಹನ್ನೊಂದನೆಯ ದಿನ ಅದೇ ಎಂ.ಎ.ಗೆ ಸೇರುವ ಫಾರಂ ತಂದು ಮಂಚದ ಮೇಲೆಸೆದಳು.

"ಬಿ.ಎ.ಯಲ್ಲಿ ಐವತ್ತೈದು ಪರ್ಸೆಂಟ್ ಬೇಕು. ನಿಮ್ಮದೆಷ್ಟು?"

"ಐವತ್ತೆರಡು."

"ಹತ್ತು ವರ್ಷ ಸರ್ವಿಸ್ ಆಗಿದ್ರೆ ಐವತ್ತು ಸಾಕಂತೆ. ತುಂಬಿಸಿ. ಅಲ್ಲಿ ಕೂತು ಉರಿಯೋದು ಸಾಕು."

ಬೀಗದಕ್ಕ ಸೇರಿದಳು. ಸಂಖ್ಯಾಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದಳು. ಮೂರನೆಯ ಸಲ ಓರಗಿತ್ತಿಯೇ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಕಲಿಸಿದಳು. ಮೌಖಿಕ ಪರೀಕ್ಷೆಯಲ್ಲಿ ಪ್ರೊಫೆಸರರು ಕೇಳಿದ್ದಕ್ಕೆಲ್ಲ ಇವಳು ಜೈಲಿನ ಕಥೆ ಹೇಳಿದಳು. ಅವರು ಚಹಾ ಆರಿದ್ದನ್ನೂ ಮರೆತು ಕೇಳಿದರು.

ಅಂಕಪಟ್ಟಿ ಬಂದ ದಿನ ಅತ್ತೆ ಅದನ್ನು ಪಕ್ಕದ ಮನೆಗೆ ಒಯ್ದು ತೋರಿಸಿದರು. ಬೀಗದಕ್ಕ ಹಿಗ್ಗಿದಳು. ಆದರೆ ಪಟ್ಟಿ ಕೈಗೆ ವಾಪಸು ಬಂದಾಗ ಓರಗಿತ್ತಿಯದನ್ನು ಅದರ ಪಕ್ಕದಲ್ಲಿಟ್ಟು ನೋಡಿದಳು. ಓರಗಿತ್ತಿಗೆ ನಾಲ್ಕು ಅಂಕ ಜಾಸ್ತಿ. ಅಂದು ಬೀಗದಕ್ಕ ತಟ್ಟೆಯನ್ನು ಅರ್ಧಕ್ಕೇ ಸರಿಸಿ ಎದ್ದಳು.