ವಿಕ್ಟರ್ ಹಿಡಿದ ಬಾಗಿಲು

ಗೆಳೆಯರೇ, ಹೋದ ತಿಂಗಳು ತೀರಿಕೊಂಡ ನನ್ನ ಗಂಡ ವಿಕ್ಟರ್ ಅವರ ಬುತ್ತಿ ಡಬ್ಬಿ ತರಲು ಇವತ್ತು ಮಸ್ಕತ್ತಿನ ಅವರ ಆಫೀಸಿಗೆ ಹೋಗಿದ್ದೆ. ಅಲ್ಲಿನ ಹಳೆಯ ಬ್ರಿಟಿಷ್ ಮ್ಯಾನೇಜರ್ ಎಲ್ಲರಿಗೂ ಬಾಗಿಲು ಹಿಡಿದು ನಿಲ್ಲುತ್ತಿದ್ದರು, "ಥ್ಯಾಂಕ್ಯೂ" ಕಿವಿಗೆ ಬೀಳದೆ ಬಾಗಿಲು ಬಿಡುತ್ತಿರಲಿಲ್ಲ. ಅದೇ ಅಭ್ಯಾಸ ವಿಕ್ಟರ್‌ಗೂ ಅಂಟಿತ್ತು.

ಈಗಿನ ಮ್ಯಾನೇಜರ್ ಕೂಡ ಬ್ರಿಟಿಷನೇ, ಆದರೆ ಹೊಸ ಕಾಲದವನು. ಕುರ್ಚಿಯಿಂದ ಏಳದೆಯೇ "ಹಾಯ್, ಮೈಕ್ ಅನ್ನಿ ಸಾಕು" ಎಂದ.

ನಾನು ಒಳಗೆ ಬಂದ ಮೇಲೂ ಸ್ಪ್ರಿಂಗಿನ ಬಾಗಿಲು ಹಿಂದೆ ತೆರೆದೇ ನಿಂತಿತು. ಮೈಕ್ ಬಂದು ಎಷ್ಟು ತಳ್ಳಿದರೂ ಅಲುಗಲಿಲ್ಲ.

ಹಿಂದೆ ವಿಕ್ಟರ್ ಜೊತೆ ಆಫೀಸಿನ ಟೆಲೆಕ್ಸ್ ಯಂತ್ರ ನೋಡಿಕೊಳ್ಳುತ್ತಿದ್ದ ಹಮೀದ್ ಬ್ಯಾರಿ ಪಿಸುಗುಟ್ಟಿದರು: "ಒಂದು ಥ್ಯಾಂಕ್ಯೂ ಹೇಳಿಬಿಡಿ ಬಾಯಮ್ಮ, ಖಲಾಸ್ ಆಗ್ಲಿ."

ಹೇಳಿದರೆ ವಿಕ್ಟರ್ ಬಾಗಿಲು ಬಿಟ್ಟು ಹೊರಟುಬಿಡುತ್ತಾರಲ್ಲ! ಡಬ್ಬಿ ತೆಗೆದುಕೊಂಡು ಥ್ಯಾಂಕ್ಯೂ ಹೇಳದೆಯೇ ಹೊರಗೆ ಬಂದೆ. ಬಾಗಿಲು ಮುಚ್ಚದ ಆ ಎಸಿ ಕೋಣೆಯಲ್ಲಿ ಮೈಕ್ ಈಗಲೂ ಬೆವರುತ್ತಿರಬೇಕು.